ಹಿಟ್ಟಿನ ಪಾಕೀಟು ಸಾಕು, ಗಿರಣಿ ಹಾಕುವುದನ್ನು ಕಲಿಸಿ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು. ಈ ನಾಲ್ಕು ಊರುಗಳಲ್ಲಿ ಯಾವ ಬಸ್ ನಿಲ್ದಾಣದಲ್ಲಿ ಇಳಿದರೂ ಹತ್ತು ನಿಮಿಷದ ನಡಿಗೆಯೊಳಗೆ ಒಂದು ಕಂಪ್ಯೂಟರ್ ಸೆಂಟರಿನ ಬೋರ್ಡು ಕಾಣುತ್ತದೆ. ಊರು ಬೇರೆ, ಬೋರ್ಡು ಮಾತ್ರ ಒಂದೇ. ಎಂಎಸ್ ಆಫೀಸ್, ಟ್ಯಾಲಿ, ನುಡಿ ಟೈಪಿಂಗ್, ಡಿಟಿಪಿ, ಫೋಟೋಶಾಪ್. ಕೆಳಗೆ ಕೆಂಪಕ್ಷರದಲ್ಲಿ ‘ಸರ್ಟಿಫಿಕೇಟ್ ಕೊಡಲಾಗುವುದು’.

ಸುದ್ದಿಗಾಗಿ ಈ ನಾಲ್ಕೂ ತಾಲೂಕು ಸುತ್ತುವ ನಾನು ಇಂಥ ಬೋರ್ಡು ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ. ‘ಇಲ್ಲಿ ಸಾಫ್ಟ್‌ವೇರನ್ನು ಅದರ ಸೋರ್ಸ್‌ನಿಂದ ಕಟ್ಟುವುದನ್ನು ಕಲಿಸುತ್ತೇವೆ’ ಎಂದು ಬರೆದ ಒಂದೇ ಒಂದು ಬೋರ್ಡು ಕಣ್ಣಿಗೆ ಬಿದ್ದಿಲ್ಲ. ಮೂರು ತಿಂಗಳು, ಆರು ತಿಂಗಳು ಫೀ ಕಟ್ಟಿ ಹೊರಬರುವ ನಮ್ಮ ಹುಡುಗ ಹುಡುಗಿಯರಿಗೆ ಯಾವ ಬಟನ್ ಎಲ್ಲಿದೆ ಎಂಬುದು ಗೊತ್ತಿರುತ್ತದೆ. ಆ ಬಟನ್ ಕೆಟ್ಟರೆ ಏನು ಮಾಡಬೇಕು ಎಂಬುದು ಗೊತ್ತಿರುವುದಿಲ್ಲ. ಇದನ್ನು ಕಂಪ್ಯೂಟರ್ ಶಿಕ್ಷಣ ಎಂದು ಕರೆಯಲು ನಾನು ತಯಾರಿಲ್ಲ. ಇದು ಗಿರಾಕಿಗಳನ್ನು ತಯಾರು ಮಾಡುವ ಕೆಲಸ, ಅದೂ ಗಿರಾಕಿಯ ಖರ್ಚಿನಲ್ಲೇ.

ಕೋಪ ಯಾಕೆ ಎಂದು ಹೇಳುತ್ತೇನೆ. ಮೊದಲು ಈ ‘ಸೋರ್ಸ್‌ನಿಂದ ಕಟ್ಟುವುದು’ ಅಂದರೆ ಏನು ಎಂಬುದು ಸ್ಪಷ್ಟವಾಗಲಿ.

ಯಾವುದೇ ಸಾಫ್ಟ್‌ವೇರ್ ಮೊದಲಿಗೆ ಮನುಷ್ಯ ಕೂತು ಬರೆದ ಸಾಲುಗಳು. ಅದೇ ಸೋರ್ಸ್ ಕೋಡ್. ಓದಬಹುದು, ತಿದ್ದಬಹುದು. ಆದರೆ ಕಂಪ್ಯೂಟರಿನ ಚಿಪ್ಪಿಗೆ ಆ ಸಾಲುಗಳು ನೇರವಾಗಿ ತಿಳಿಯುವುದಿಲ್ಲ. ನಡುವೆ ಕಂಪೈಲರ್ ಎಂಬ ಇನ್ನೊಂದು ಸಾಫ್ಟ್‌ವೇರ್ ಬೇಕು. ಅದು ಆ ಸಾಲುಗಳನ್ನು ಬೀಸಿ, ಚಿಪ್ಪು ಅರಗಿಸಿಕೊಳ್ಳುವ ಹಿಟ್ಟು ಮಾಡಿ ಕೊಡುತ್ತದೆ. ವಿಂಡೋಸ್‌ನಲ್ಲಿ ನಾವು ಡಬಲ್ ಕ್ಲಿಕ್ ಮಾಡುವ ಇಎಕ್ಸ್‌ಇ ಫೈಲ್ ಅಂದರೆ ಈ ಹಿಟ್ಟು. ಜೋಳ ಸೋರ್ಸ್, ಗಿರಣಿ ಕಂಪೈಲರ್. ಜೋಳ ಕೈಯಲ್ಲಿದ್ದರೆ ಹಸನು ಮಾಡಬಹುದು, ಕಲ್ಲು ಆರಿಸಬಹುದು, ಬೇಕಾದಷ್ಟು ನುಣ್ಣಗೆ ಬೀಸಬಹುದು. ಹಿಟ್ಟಿನ ಪಾಕೀಟು ತಂದರೆ ಒಳಗೆ ಏನು ಬೆರೆತಿದೆಯೋ ತಿನ್ನಬೇಕು ಅಷ್ಟೆ. ಹಿಟ್ಟಿನಿಂದ ವಾಪಸ್ ಜೋಳ ಮಾಡಿದವರನ್ನು ನಮ್ಮ ಕಡೆ ಯಾರೂ ಕಂಡಿಲ್ಲ.

ಗೋವಿನಜೋಳ ಬೆಳೆಯುವವರಿಗೆ ಇದನ್ನು ಇನ್ನೊಂದು ರೀತಿಯಲ್ಲಿ ಹೇಳಬಹುದು. ಹೈಬ್ರಿಡ್ ಬೀಜದ ಚೀಲ ತಂದು ಬಿತ್ತಿದರೆ ಬೆಳೆ ಬರುತ್ತದೆ. ಆ ಬೆಳೆಯ ಕಾಳನ್ನೇ ಮುಂದಿನ ವರ್ಷ ಬಿತ್ತಿದರೆ ಮೊದಲಿನ ಬೆಳೆ ಬರುವುದಿಲ್ಲ, ಮತ್ತೆ ಅಂಗಡಿಗೇ ಹೋಗಬೇಕು. ಸೋರ್ಸ್ ಕೊಡದ ಸಾಫ್ಟ್‌ವೇರ್ ಹಾಗೆ. ಸೋರ್ಸ್ ಕೊಟ್ಟು, ‘ತಿದ್ದಿ, ಹಂಚಿ’ ಎಂದು ಲೈಸೆನ್ಸಿನಲ್ಲೇ ಬರೆದುಕೊಡುವುದು ಓಪನ್ ಸೋರ್ಸ್.

ಬಿಟ್ಟಿ ಬೇರೆ, ಮುಕ್ತ ಬೇರೆ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ದುಡ್ಡು ಕೇಳದ ಸಾಫ್ಟ್‌ವೇರ್ ಎಲ್ಲ ಓಪನ್ ಸೋರ್ಸ್ ಆಗುವುದಿಲ್ಲ. ನಾಳೆ ದುಡ್ಡು ಕೇಳಬಹುದು, ನಾಡಿದ್ದು ನಿಂತೇ ಹೋಗಬಹುದು.

ಈಗ ನಿಮ್ಮ ಊರಿನ ಪ್ರೆಸ್ಸಿಗೆ ಬನ್ನಿ. ಮದುವೆ ಕಾರ್ಡು, ಜಾತ್ರೆಯ ಪೋಸ್ಟರು, ಸೊಸೈಟಿಯ ವಾರ್ಷಿಕ ವರದಿ ಅಚ್ಚಾಗುವ ಜಾಗ. ಅಲ್ಲಿಯ ಕಂಪ್ಯೂಟರಿನಲ್ಲಿ ಇಂದಿಗೂ ಪೇಜ್‌ಮೇಕರ್ ಸಿಗುವುದು ಅಪರೂಪವಲ್ಲ. ಪೇಜ್‌ಮೇಕರಿನ ಕಡೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಆ ವರ್ಷ ಹುಟ್ಟಿದ ಮಗುವಿಗೆ ಈಗ ಮದುವೆ ಕಾರ್ಡು ಹೊಡೆಸುವ ವಯಸ್ಸು, ಕಾರ್ಡು ಕಟ್ಟುವುದು ಅದೇ ಪೇಜ್‌ಮೇಕರ್. ಅಡೋಬಿ ಕಂಪನಿ ಅದನ್ನು ಅಲ್ಲಿಗೇ ಕೈಬಿಟ್ಟಿತು. ಯುನಿಕೋಡ್ ಕನ್ನಡ ಅದರೊಳಗೆ ಇಳಿಯುವುದಿಲ್ಲ. ನಿಮ್ಮ ಫೋನಿನಲ್ಲಿ ಟೈಪ್ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಲಗ್ನಪತ್ರಿಕೆಯ ಸಾಲುಗಳನ್ನು ಪ್ರೆಸ್ಸಿನವರು ಮತ್ತೆ ಮೊದಲಿನಿಂದ ಟೈಪ್ ಮಾಡುವುದು, ಇಲ್ಲವೇ ಹಳೆಯ ಫಾಂಟಿಗೆ ಬದಲಿಸಿಕೊಳ್ಳುವುದು, ನಡುವೆ ಅಜ್ಜನ ಹೆಸರಿನ ಒತ್ತು ಹಾರಿಹೋಗುವುದು, ಎಲ್ಲದಕ್ಕೂ ಕಾರಣ ಇದು.

ಹಳೆಯ ಕನ್ನಡ ಫಾಂಟುಗಳ ಉಪಾಯ ಹೇಗಿತ್ತೆಂದರೆ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುವುದು. ಆ ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಂತೆ. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ಬಂತು, ಆಮೇಲೆ ಸರ್ಕಾರದ ಬೆಂಬಲದಲ್ಲಿ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಕೆ.ಪಿ. ರಾಯರು ಯೋಚಿಸಿ ಕಟ್ಟಿದ ಕೀಲಿಮಣೆಯ ಮೇಲೆ ನಮ್ಮ ಬೆರಳು ಓಡಾಡಿದ್ದು ಹಾಗೆ. ಅವರ ಉಪಕಾರ ಮರೆಯುವಂಥದ್ದಲ್ಲ. ಆ ಕಾಲಕ್ಕೆ ಬೇರೆ ದಾರಿಯೂ ಇರಲಿಲ್ಲ. ಕಾಲ ಬದಲಾಗಿ ಯುನಿಕೋಡ್ ಬಂದ ಮೇಲೆ ಪೇಜ್‌ಮೇಕರನ್ನು ಮಾತ್ರ ಯಾರೂ ಬದಲಿಸಲಾಗಲಿಲ್ಲ. ಬದಲಿಸಬಲ್ಲ ಬುದ್ಧಿವಂತರು ನಮ್ಮಲ್ಲಿ ಇದ್ದರು. ಅವರ ಕೈಗೆ ಸೋರ್ಸ್ ಇರಲಿಲ್ಲ, ಅಷ್ಟೆ.

ಇದರ ಎದುರು ಸ್ಕ್ರೈಬಸ್ ಎಂಬ ಇನ್ನೊಂದು ಪುಟವಿನ್ಯಾಸದ ಸಾಫ್ಟ್‌ವೇರಿನ ಕಥೆ ಇಡುತ್ತೇನೆ. ಅದು ಓಪನ್ ಸೋರ್ಸ್. ಬಹಳ ವರ್ಷ ಅದರಲ್ಲೂ ಕನ್ನಡ ಸರಿಯಾಗಿ ಕೂಡುತ್ತಿರಲಿಲ್ಲ, ಅರೇಬಿಕ್ ಕೂಡ. ಒಮಾನ್ ದೇಶದ ಓಪನ್ ಸೋರ್ಸ್ ತಂಡವೊಂದು ತಮ್ಮ ಅರೇಬಿಕ್‌ಗಾಗಿ ಆ ಸೋರ್ಸ್ ತೆಗೆದುಕೊಂಡು ಕೂತಿತು. ಅಕ್ಷರ ಕೂಡಿಸುವ ಭಾಗವನ್ನೇ ಹೊಸದಾಗಿ ಕಟ್ಟಿತು. 2017ರಲ್ಲಿ ಬಂದ 1.5.3 ಆವೃತ್ತಿಯಲ್ಲಿ ಆ ಕೆಲಸ ಸೇರಿತು. 2024ರ ಹೊತ್ತಿಗೆ ಅದೇ ಕೆಲಸ ಹೊತ್ತ 1.6 ಎಲ್ಲರ ಕೈಗೆ ಬಂತು. ಒಮಾನಿನವರು ತಮ್ಮ ಲಿಪಿಗಾಗಿ ಮಾಡಿದ ಕೆಲಸದಿಂದ ನಮ್ಮ ಒತ್ತಕ್ಷರಗಳೂ ದಾರಿಗೆ ಬಂದವು. ಅವರಿಗೆ ಹಾನಗಲ್ಲ ಎಲ್ಲಿದೆ ಎಂದು ಗೊತ್ತಿರಲಿಕ್ಕಿಲ್ಲ. ಗೊತ್ತಿರಬೇಕಾಗಿಯೂ ಇರಲಿಲ್ಲ, ಸೋರ್ಸ್ ತೆರೆದಿತ್ತು.

ಹಾಗಾದರೆ ನಾವು ಯಾಕೆ ಮಾಡಲಿಲ್ಲ? 2023ರ ಜನವರಿಯಲ್ಲಿ ಹಾವೇರಿಯಲ್ಲೇ 86ನೇ ಸಾಹಿತ್ಯ ಸಮ್ಮೇಳನ ನಡೆಯಿತು. ಊಟದ ಸಾಲು, ಪುಸ್ತಕದ ಸಾಲು, ಭಾಷಣದ ಸಾಲು, ಎಲ್ಲವೂ ಇತ್ತು. ಕನ್ನಡ ಉಳಿಯಬೇಕು ಎಂದು ಚಪ್ಪಾಳೆ ತಟ್ಟಿದವರ ಮನೆಯಲ್ಲೇ ಕಂಪ್ಯೂಟರ್ ಕಲಿತ ಮಕ್ಕಳಿದ್ದಾರೆ. ಆ ಮಕ್ಕಳಲ್ಲಿ ಒಬ್ಬರಿಗಾದರೂ ಸೋರ್ಸ್ ಇಳಿಸಿಕೊಂಡು ಕಂಪೈಲ್ ಮಾಡುವುದನ್ನು ಯಾರಾದರೂ ತೋರಿಸಿದ್ದಾರೆಯೇ?

ಇನ್ನೂ ಹತ್ತಿರದ ಉದಾಹರಣೆ ನಿಮ್ಮ ಅಂಗೈಯಲ್ಲಿದೆ. ಈ ಲೇಖನವನ್ನು ನೀವು ಆಂಡ್ರಾಯ್ಡ್ ಫೋನಿನಲ್ಲಿ ಓದುತ್ತಿದ್ದರೆ, ‘ಸ್ತ್ರೀ’ ಎಂಬ ಅಕ್ಷರದಲ್ಲಿ ಸ, ತ, ರ, ಈ ಎಲ್ಲ ಸರಿಯಾದ ಜಾಗದಲ್ಲಿ ಕೂತಿವೆಯಲ್ಲ, ಅದನ್ನು ಕೂರಿಸಿದ್ದು ಹಾರ್ಫ್‌ಬಜ್ ಎಂಬ ಪುಟ್ಟ ಸಾಫ್ಟ್‌ವೇರ್. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್, ಎಲ್ಲದರ ಹೊಟ್ಟೆಯಲ್ಲೂ ಇದೇ. ಒಮಾನಿನವರು ಸ್ಕ್ರೈಬಸ್‌ಗೆ ಜೋಡಿಸಿದ್ದೂ ಇದನ್ನೇ. ಬರೆದವರಲ್ಲಿ ಮುಖ್ಯರು ಇರಾನ್ ಮೂಲದ ಬೆಹದಾದ್ ಎಸ್ಫಹ್‌ಬೋದ್. ಹೆಸರು ಪಾರ್ಸಿಯದ್ದು: ಹರ್ಫ್ ಅಂದರೆ ಅಕ್ಷರ, ಬಾಜ್ ಅಂದರೆ ತೆರೆದದ್ದು. ಸವಣೂರಿನಲ್ಲಿ ಉರ್ದು ಬಲ್ಲವರಿಗೆ ಹರ್ಫ್ ಅಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ.

ಈ ಹಾರ್ಫ್‌ಬಜ್‌ನ ಸೋರ್ಸ್ ಪೂರ್ತಿ ತೆರೆದಿದೆ. ನಿಮ್ಮ ಮನೆಯ ವಿಂಡೋಸ್ ಕಂಪ್ಯೂಟರಿನಲ್ಲಿ ಕಂಪೈಲ್ ಮಾಡಬಹುದು. ಹಾಗೆ ಮಾಡಿದಾಗ ಅದರ ಜೊತೆಗೇ ಒಂದು ಸಣ್ಣ ಉಪಕರಣ ಸಿಗುತ್ತದೆ. ಒಂದು ಫಾಂಟು, ಒಂದು ಕನ್ನಡ ಪದ ಕೊಟ್ಟರೆ, ಆ ಪದಕ್ಕೆ ಫಾಂಟಿನ ಯಾವ ಯಾವ ಆಕಾರ ಆರಿಸಿಕೊಂಡೆ, ಎಲ್ಲಿ ಕೂರಿಸಿದೆ ಎಂದು ಲೆಕ್ಕ ಒಪ್ಪಿಸುತ್ತದೆ.

ಇದರಿಂದ ನನ್ನಂಥವನಿಗೆ ಏನು ಲಾಭ ಎಂದರೆ, ವರದಿಗಾರರಿಗೆಲ್ಲ ಗೊತ್ತಿರುವ ಒಂದು ಪೀಡೆ ಇದೆ. ‘ರ‍್ಯಾಲಿ’ ಎಂದು ಬರೆಯಬೇಕು. ರ ಕೆಳಗೆ ಯ ಒತ್ತು. ಸುಮ್ಮನೆ ಟೈಪ್ ಮಾಡಿದರೆ ಅದು ‘ರ್ಯಾಲಿ’ ಆಗಿ, ಯಾ ಮುಂದೆ ಅರ್ಕಾವತ್ತು ಬಂದು ಕೂರುತ್ತದೆ. ಸೂರ್ಯನಿಗೆ ಅದು ಸರಿ, ರ‍್ಯಾಲಿಗೆ ಸರಿಯಲ್ಲ. ಯುನಿಕೋಡ್‌ನಲ್ಲಿ ಇದಕ್ಕೆ ಮದ್ದು ಇದೆ. ರ ಆದ ಮೇಲೆ ಕಣ್ಣಿಗೆ ಕಾಣದ ಒಂದು ಜೋಡಕ ಅಕ್ಷರ ಹಾಕಬೇಕು. ನಾವು ಹಾಕಿ ಕಳಿಸುತ್ತೇವೆ. ನಡುವಿನ ಯಾವುದೋ ಸಾಫ್ಟ್‌ವೇರ್ ‘ಕಾಣದ ಅಕ್ಷರ ಯಾಕೆ’ ಎಂದು ಅದನ್ನು ಕಸದಂತೆ ಗುಡಿಸಿಬಿಡುತ್ತದೆ. ಬೆಳಿಗ್ಗೆ ನೋಡಿದರೆ ‘ರೈತರ ರ್ಯಾಲಿ’. ಓದುಗರು ಬೈಯುವುದು ವರದಿಗಾರನಿಗೆ.

ತಪ್ಪು ಫಾಂಟಿನದ್ದೋ, ಕೂಡಿಸುವ ಸಾಫ್ಟ್‌ವೇರಿನದ್ದೋ, ನಡುವೆ ಗುಡಿಸಿದವನದ್ದೋ? ಮೇಲೆ ಹೇಳಿದ ಉಪಕರಣ ಇದ್ದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಗೊತ್ತಾದರೆ ದೂರು ಬರೆಯಬಹುದು, ಸೋರ್ಸ್ ಇದ್ದರೆ ತಿದ್ದಿಯೂ ಕಳಿಸಬಹುದು. ಅರವಿಂದ ವಿ.ಕೆ. ಅವರು ಗುಬ್ಬಿ, ನವಿಲು ಎಂಬ ಮುಕ್ತ ಕನ್ನಡ ಫಾಂಟು ಮಾಡಿಕೊಟ್ಟರು. ಹಳೆಯ ನುಡಿ ಫಾಂಟಿನ ಬರಹವನ್ನು ಯುನಿಕೋಡ್‌ಗೆ ತಿರುಗಿಸುವ ಪರಿವರ್ತಕ ಬರೆದು ಅದರ ಸೋರ್ಸನ್ನೂ ಎಲ್ಲರಿಗೆ ಬಿಟ್ಟುಕೊಟ್ಟರು. ಅವರು ಕನ್ನಡದವರೇ. ಅಂದರೆ ಇದು ಕನ್ನಡದವರಿಂದ ಆಗದ ಕೆಲಸ ಎಂದು ಯಾರೂ ನನಗೆ ಹೇಳಬೇಡಿ.

‘ಅದೆಲ್ಲ ಬೆಂಗಳೂರಿನವರ ಕೆಲಸ’ ಎಂದು ಹೇಳುವವರಿದ್ದಾರೆ. ಅವರಿಗೆ ನಾನು ಏನೂ ಉತ್ತರ ಕೊಡುವುದಿಲ್ಲ, ಶಿಗ್ಗಾವಿ ತಾಲೂಕಿನ ಶಿಶುನಾಳಕ್ಕೆ ಹೋಗಿ ಬನ್ನಿ ಎನ್ನುತ್ತೇನೆ. ಶರೀಫರ ಪದಗಳು ರಾಜಧಾನಿಯ ಅಪ್ಪಣೆ ಪಡೆದು ಊರೂರಿಗೆ ಹೋದವೇನು? ಕೇಳಿದವರು ಹಾಡಿದರು, ಹಾಡಿದವರು ತಮ್ಮ ದನಿಗೆ ತಕ್ಕಂತೆ ಮಟ್ಟು ಬದಲಿಸಿದರು.

ಇನ್ನೊಂದು ಬಗೆಯವರು ನನಗೆ ಹೆಚ್ಚು ಸಿಟ್ಟು ತರಿಸುತ್ತಾರೆ. ಅವರು ಓಪನ್ ಸೋರ್ಸ್ ಪಂಡಿತರು. ‘ಕಂಪೈಲ್ ಮಾಡಬೇಕಾ? ಮೊದಲು ವಿಂಡೋಸ್ ಕಿತ್ತು ಹಾಕಿ, ಲಿನಕ್ಸ್ ಹಾಕಿ, ಆಮೇಲೆ ಮಾತಾಡಿ’ ಎನ್ನುತ್ತಾರೆ. ತತ್ವವಾಗಿ ಅವರ ಮಾತು ಸರಿ. ಲಿನಕ್ಸ್‌ನಲ್ಲಿ ಈ ಕೆಲಸ ಸುಲಭ ಎಂಬುದೂ ನಿಜ. ಆದರೆ ಅವರು ನಮ್ಮ ಮನೆ ನೋಡಿಲ್ಲ. ಇಲ್ಲಿ ಮನೆಗೊಂದೇ ಕಂಪ್ಯೂಟರ್, ಅದೂ ಸೆಕೆಂಡ್ ಹ್ಯಾಂಡ್. ಹಗಲು ಅದರಲ್ಲಿ ಅಪ್ಪನ ಗೊಬ್ಬರದಂಗಡಿಯ ಟ್ಯಾಲಿ ನಡೆಯಬೇಕು, ಸಂಜೆ ಅಣ್ಣ ಆನ್‌ಲೈನ್ ಅರ್ಜಿ ತುಂಬಬೇಕು, ಪ್ರಿಂಟರ್ ಒಂದು ವಿಶೇಷ ಡ್ರೈವರಿಗೆ ಮಾತ್ರ ಬಗ್ಗುತ್ತದೆ. ಆ ಕಂಪ್ಯೂಟರಿನ ವಿಂಡೋಸ್ ಅಳಿಸಿದ ಹುಡುಗನಿಗೆ ಅವತ್ತು ರಾತ್ರಿ ಮನೆಯಲ್ಲಿ ಊಟ ಸಿಗುವುದು ಕಷ್ಟ. ‘ಮೊದಲು ವಿಂಡೋಸ್ ಬಿಡು’ ಎಂದು ಷರತ್ತು ಹಾಕಿದಾಗ ಆಗುವುದು ಒಂದೇ, ಹುಡುಗ ಕಂಪೈಲರನ್ನೇ ಬಿಡುತ್ತಾನೆ. ಇದ್ದ ವಿಂಡೋಸ್ ಒಳಗೇ ಗಿರಣಿ ಹೂಡುವುದು ಹೇಗೆ ಎಂಬುದನ್ನು ಕಲಿಸಿ. ಲಿನಕ್ಸಿಗೆ ಆಮೇಲೆ ತಾನಾಗೇ ಬರುತ್ತಾನೆ.

ವಿಂಡೋಸ್ ಒಳಗೆ ಹೂಡಲು ಎರಡು ದಾರಿ. ಒಂದು ಮೈಕ್ರೋಸಾಫ್ಟ್‌ನದೇ ವಿಷುಯಲ್ ಸ್ಟುಡಿಯೋ. ಅದರ ಕಮ್ಯುನಿಟಿ ಆವೃತ್ತಿ ಕಲಿಯುವವರಿಗೆ, ಓಪನ್ ಸೋರ್ಸ್ ಕೆಲಸಕ್ಕೆ ಉಚಿತ. ಕೆಲಸಕ್ಕೆ ಒಳ್ಳೆಯದು, ಆದರೆ ದೇಹ ಭಾರ. ಹಲವು ಜಿಬಿ ಇಳಿಸಬೇಕು. ಇನ್ನೊಂದು ಎಂಸಿಸ್-2. ಇದು ಓಪನ್ ಸೋರ್ಸ್, ಹಗುರ, ನಮ್ಮ ಹಳೆಯ ಕಂಪ್ಯೂಟರಿಗೆ ಇದೇ ಸರಿ ಎಂಬುದು ನನ್ನ ಅಭಿಪ್ರಾಯ. 64 ಬಿಟ್‌ನ ವಿಂಡೋಸ್ 10 ಇದ್ದರೆ ಸಾಕು. ಜಿಸಿಸಿ ಎಂಬ ಕಂಪೈಲರ್, ಸೋರ್ಸ್ ಇಳಿಸುವ ಗಿಟ್, ಯಾವುದಾದ ಮೇಲೆ ಯಾವುದು ಎಂದು ಹೇಳುವ ಸಿಮೇಕ್, ಮೆಸಾನ್, ನಿಂಜಾ, ಎಲ್ಲವನ್ನೂ ಅದರೊಳಗಿನ ಪ್ಯಾಕ್‌ಮ್ಯಾನ್ ಎಂಬ ಒಂದೇ ಆಜ್ಞೆ ತಂದುಕೊಡುತ್ತದೆ. ಎರಡು ಜಿಬಿ ಆಸುಪಾಸಿನ ಜಾಗದಲ್ಲಿ ಗಿರಣಿ ತಯಾರು.

ಇಷ್ಟು ಕೇಳಿದರೆ ಸುಲಭ ಅನಿಸುತ್ತದೆ. ಸುಲಭವಲ್ಲ, ಅದಕ್ಕೇ ಕಲಿಸಬೇಕು ಅನ್ನುವುದು. ಎಲ್ಲಿ ಕಾಲು ಜಾರುತ್ತದೆ ಎಂಬುದನ್ನು ಹೇಳಿಕೊಡುವವರು ಬೇಕು, ಮತ್ತು ಜಾರುವ ಜಾಗಗಳು ಎಲ್ಲರಿಗೂ ಅವೇ.

ಮೊದಲನೆಯದು ಫೋಲ್ಡರಿನ ಹೆಸರು. ನಮ್ಮ ಕಂಪ್ಯೂಟರುಗಳಲ್ಲಿ ಫೋಲ್ಡರಿಗೆ ‘ನ್ಯೂ ಫೋಲ್ಡರ್’ ಎಂದೋ ‘ಬಸಣ್ಣ ಕಾಲೇಜ್ ಕೆಲಸ’ ಎಂದೋ ನಡುವೆ ಜಾಗ ಬಿಟ್ಟು ಹೆಸರಿಟ್ಟಿರುತ್ತೇವೆ. ಹಳೆಯ ಕಾಲದ ಕಂಪೈಲ್ ಉಪಕರಣಗಳು ಆ ಖಾಲಿ ಜಾಗ ಬಂದಲ್ಲಿ ಹೆಸರು ಮುಗಿಯಿತು ಎಂದುಕೊಂಡು ಎಡವುತ್ತವೆ. ವಿಂಡೋಸ್ ಯೂಸರ್ ಹೆಸರನ್ನೇ ಕನ್ನಡದಲ್ಲಿ ಬರೆದಿದ್ದರಂತೂ ಕೆಲವು ಉಪಕರಣಗಳಿಗೆ ದಾರಿಯೇ ತಿಳಿಯುವುದಿಲ್ಲ. ಕನ್ನಡಾಭಿಮಾನಕ್ಕೆ ದಂಡ ಕಟ್ಟಿಸಿಕೊಳ್ಳುವ ಈ ರೋಗವೂ ಯಾರಾದರೂ ಸೋರ್ಸ್ ಬಿಚ್ಚಿ ತಿದ್ದಬೇಕಾದದ್ದೇ. ಅಲ್ಲಿಯವರೆಗೆ ಸಿ ಡ್ರೈವಿನಲ್ಲಿ ಇಂಗ್ಲಿಷಿನ ನಾಲ್ಕಕ್ಷರದ ಒಂದು ಗಿಡ್ಡ ಹೆಸರಿನ ಫೋಲ್ಡರ್ ಮಾಡಿ, ಎಲ್ಲ ಕೆಲಸ ಅಲ್ಲೇ ಮಾಡಿ. ಗಿಡ್ಡ ಹೆಸರು ಇನ್ನೊಂದು ಕಾರಣಕ್ಕೂ ಒಳ್ಳೆಯದು. ವಿಂಡೋಸ್‌ನಲ್ಲಿ ಫೈಲಿನ ಪೂರ್ತಿ ವಿಳಾಸಕ್ಕೆ 260 ಅಕ್ಷರಗಳ ಹಳೆಯ ಮಿತಿ ಇದೆ. ಫೋಲ್ಡರಿನೊಳಗೆ ಫೋಲ್ಡರ್ ಹೋಗುವ ಸೋರ್ಸ್ ಕೋಡಿಗೆ ಆ ಮಿತಿ ಬೇಗ ತಾಗುತ್ತದೆ.

ಎರಡನೆಯದು ಕಿಟಕಿ. ಎಂಸಿಸ್-2 ಹಾಕಿದರೆ ಸ್ಟಾರ್ಟ್ ಮೆನುವಿನಲ್ಲಿ ಒಂದಲ್ಲ, ನಾಲ್ಕಾರು ಕಪ್ಪು ಕಿಟಕಿಗಳ ಹೆಸರು ಬರುತ್ತವೆ. ವಿಂಡೋಸ್ ಸಾಫ್ಟ್‌ವೇರ್ ಕಟ್ಟಲು ತೆರೆಯಬೇಕಾದದ್ದು ಯುಸಿಆರ್‌ಟಿ-64 ಎಂಬುದು. ಬೇರೆಯದನ್ನು ತೆರೆದರೆ ‘ಕಂಪೈಲರ್ ಇಲ್ಲ’ ಎಂದು ಉತ್ತರ ಬರುತ್ತದೆ. ಈಗಷ್ಟೇ ಹಾಕಿದ್ದೆನಲ್ಲ ಎಂದು ಹುಡುಗ ತಲೆ ಮೇಲೆ ಕೈ ಹೊತ್ತು ಕೂರುತ್ತಾನೆ. ನಾಲ್ಕು ಸಲ ಅಳಿಸಿ ಹಾಕಿ, ಐದನೆಯ ಸಲ ಬೇಸತ್ತು ಫ್ರೀ ಫೈರ್ ಆಡಲು ಹೋಗುತ್ತಾನೆ. ಪಕ್ಕದಲ್ಲಿ ನಿಂತು ‘ತಮ್ಮಾ, ಆ ಕಿಟಕಿ ಅಲ್ಲ, ಈ ಕಿಟಕಿ’ ಎಂದು ಹೇಳುವ ಒಬ್ಬ ಮೇಷ್ಟ್ರಿದ್ದರೆ ಮುಗಿದುಹೋಗುವ ಕೆಲಸ.

ಮೂರನೆಯದು ಡಿಎಲ್‌ಎಲ್. ಕಂಪೈಲ್ ಆಯಿತು, ಇಎಕ್ಸ್‌ಇ ಬಂತು, ಕಪ್ಪು ಕಿಟಕಿಯಲ್ಲಿ ಓಡಿತು. ಖುಷಿಯಿಂದ ಗೆಳೆಯನ ಕಂಪ್ಯೂಟರಿಗೆ ಪೆನ್‌ಡ್ರೈವಿನಲ್ಲಿ ಒಯ್ದರೆ ‘ಡಿಎಲ್‌ಎಲ್ ಸಿಗಲಿಲ್ಲ’ ಎಂದು ಮುಖಕ್ಕೆ ಹೊಡೆದಂತೆ ಹೇಳುತ್ತದೆ. ನಾವು ಕಟ್ಟಿದ ಸಾಫ್ಟ್‌ವೇರ್ ಬೇರೆಯವರ ಕೆಲವು ತುಣುಕುಗಳನ್ನು ಎರವಲು ಪಡೆದಿರುತ್ತದೆ. ಆ ತುಣುಕುಗಳೇ ಡಿಎಲ್‌ಎಲ್ ಫೈಲುಗಳು. ಯಾವ್ಯಾವು ಬೇಕು ಎಂದು ಕೇಳಿದರೆ ಹೇಳುವ ಆಜ್ಞೆ ಇದೆ. ಅವನ್ನೂ ಜೊತೆಗೆ ಕಟ್ಟಿ ಒಯ್ಯಬೇಕು. ಹಿಟ್ಟು ಒಯ್ದು ಉಪ್ಪು ಮರೆತಂತೆ, ಅಷ್ಟೆ.

ಇನ್ನು ಡೇಟಾ ಮತ್ತು ಕರೆಂಟು. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕಿನಲ್ಲಿ ಇದೆಲ್ಲ ಎಲ್ಲಿಂದ ಇಳಿಸುವುದು ಎಂದು ಕೇಳುತ್ತೀರಿ. ಎಲ್ಲರೂ ಇಳಿಸಬೇಕಿಲ್ಲ. ಒಬ್ಬ ಇಳಿಸಿದರೆ ಸಾಕು. ಪ್ಯಾಕ್‌ಮ್ಯಾನ್ ತಂದ ಪ್ರತಿ ಪೊಟ್ಟಣದ ಪ್ರತಿಯೂ ಎಂಸಿಸ್-2 ಫೋಲ್ಡರಿನೊಳಗೇ ಜೋಪಾನವಾಗಿ ಉಳಿದಿರುತ್ತದೆ. ಪೆನ್‌ಡ್ರೈವಿಗೆ ಹಾಕಿ ಇಪ್ಪತ್ತು ಮಂದಿಗೆ ಹಂಚಬಹುದು, ಇಂಟರ್ನೆಟ್ ಇಲ್ಲದೇ ಹಾಕಿಕೊಳ್ಳಬಹುದು. ಹಂಚಿದರೆ ಕಳ್ಳತನವಲ್ಲ, ಲೈಸೆನ್ಸೇ ಹಂಚಿ ಎನ್ನುತ್ತದೆ. ನಮ್ಮ ಸೆಂಟರುಗಳಲ್ಲಿ ಕ್ರ್ಯಾಕ್ ಮಾಡಿದ ಫೋಟೋಶಾಪ್ ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ವೈರಸ್ ಸಮೇತ ಓಡಾಡುವುದು ಎಲ್ಲರಿಗೂ ಗೊತ್ತಿದ್ದ ಗುಟ್ಟು. ಅದೇ ಪೆನ್‌ಡ್ರೈವ್, ಅದೇ ದಾರಿ. ಕದ್ದ ಮಾಲಿನ ಬದಲು ಸ್ವಂತ ಮಾಲು ಓಡಾಡಲಿ ಎನ್ನುತ್ತೇನೆ. ಒಂದು ಎಚ್ಚರ ಮಾತ್ರ: ಮೊದಲನೆಯವನು ಇಳಿಸುವಾಗ ಆಯಾ ಸಾಫ್ಟ್‌ವೇರಿನ ಸ್ವಂತ ಜಾಗದಿಂದಲೇ ಇಳಿಸಬೇಕು, ಯಾವುದೋ ಟೆಲಿಗ್ರಾಂ ಗುಂಪಿನಿಂದಲ್ಲ.

ಕರೆಂಟು ಹೋದರೆ? ಹೋಗಲಿ. ದೊಡ್ಡ ಸಾಫ್ಟ್‌ವೇರ್ ಅಂದರೆ ನೂರಾರು ಫೈಲುಗಳು, ಒಂದೊಂದಾಗಿ ಬೀಸುತ್ತಾ ಹೋಗುತ್ತದೆ. ಮತ್ತೆ ಆಜ್ಞೆ ಕೊಟ್ಟಾಗ ಆಗಲೇ ಬೀಸಿದ್ದನ್ನು ಬಿಟ್ಟು ಉಳಿದದ್ದನ್ನು ಮಾತ್ರ ಬೀಸುತ್ತದೆ. ಲೋಡ್ ಶೆಡ್ಡಿಂಗ್‌ಗೆಂದೇ ಮಾಡಿದ ಹಾಗಿದೆ. 4 ಜಿಬಿ ರ‍್ಯಾಮ್ ಇದ್ದರೆ ಏಕಕಾಲಕ್ಕೆ ಎಂಟು ಫೈಲು ಬೀಸು ಎನ್ನಬೇಡಿ, ಎರಡು ಎನ್ನಿ. ಇಲ್ಲದಿದ್ದರೆ ಕಂಪ್ಯೂಟರ್ ಕೆಸರಿನಲ್ಲಿ ಸಿಕ್ಕ ಟ್ರ್ಯಾಕ್ಟರ್ ಆಗುತ್ತದೆ.

ಹಳೆಯ ಕಂಪ್ಯೂಟರಿನ ಮಾತು ಬಂತಲ್ಲ, ನನ್ನ ಮುಖ್ಯ ವಾದ ಇರುವುದೇ ಅಲ್ಲಿ. ರೆಡಿಮೇಡ್ ಇಎಕ್ಸ್‌ಇ ಕಟ್ಟುವವರು ಹೊಸ ಕಂಪ್ಯೂಟರನ್ನು ಮನಸ್ಸಿನಲ್ಲಿಟ್ಟು ಕಟ್ಟುತ್ತಾರೆ. ಇಂಟೆಲ್ ಚಿಪ್ಪುಗಳಲ್ಲಿ ಎವಿಎಕ್ಸ್-2 ಎಂಬ ವೇಗದ ಲೆಕ್ಕದ ಸೌಲಭ್ಯ 2013ರ ನಾಲ್ಕನೆಯ ತಲೆಮಾರಿನಿಂದ ಬಂತು. ಹುಬ್ಬಳ್ಳಿಯಿಂದ ತರುವ ಸೆಕೆಂಡ್ ಹ್ಯಾಂಡ್ ಐ-3ಗಳಲ್ಲಿ ಎರಡನೆಯ, ಮೂರನೆಯ ತಲೆಮಾರಿನವೂ ಇರುತ್ತವೆ. ಅವುಗಳಲ್ಲಿ ಅದಿಲ್ಲ. ಎವಿಎಕ್ಸ್-2 ಬೇಡುವ ರೆಡಿಮೇಡ್ ಸಾಫ್ಟ್‌ವೇರ್ ಅಲ್ಲಿ ಒಂದು ಮಾತೂ ಆಡದೆ ಮುಚ್ಚಿಕೊಳ್ಳುತ್ತದೆ. ಅಂಗಡಿಯವನು ‘ನಿಮ್ಮ ಸಿಸ್ಟಂ ಹಳೇದಾತ್ರಿ, ಹೊಸಾದು ತಗೋರಿ’ ಎನ್ನುತ್ತಾನೆ.

ವಿಸ್ಪರ್ ಎಂಬ ಮಾತನ್ನು ಬರಹವಾಗಿಸುವ ವ್ಯವಸ್ಥೆಯನ್ನು 2022ರಲ್ಲಿ ಓಪನ್‌ಎಐ ಬಿಟ್ಟುಕೊಟ್ಟಿತು. ಕನ್ನಡವೂ ಅದರ ಪಟ್ಟಿಯಲ್ಲಿದೆ. ಜಾರ್ಜಿ ಗೆರ್ಗಾನೋವ್ ಎಂಬ ಬಲ್ಗೇರಿಯಾದ ಪ್ರೋಗ್ರಾಮರ್ ಅದನ್ನು ಸಾಮಾನ್ಯ ಕಂಪ್ಯೂಟರಿನಲ್ಲಿ, ಇಂಟರ್ನೆಟ್ ಇಲ್ಲದೆ ಓಡುವಂತೆ ಸಿ ಪ್ಲಸ್ ಪ್ಲಸ್‌ನಲ್ಲಿ ಮತ್ತೆ ಬರೆದರು. ಅದರ ಸೋರ್ಸ್ ತಂದು ನಿಮ್ಮ ಕಂಪ್ಯೂಟರಿನಲ್ಲೇ ಕಂಪೈಲ್ ಮಾಡಿದರೆ, ಕಂಪೈಲರ್ ನಿಮ್ಮ ಚಿಪ್ಪಿನ ಹಲ್ಲು ಎಣಿಸಿ, ಇದ್ದಷ್ಟನ್ನೇ ಬಳಸಿ ಕಟ್ಟುತ್ತದೆ. ಎವಿಎಕ್ಸ್-2 ಇಲ್ಲವೇ, ಇಲ್ಲದೆಯೇ ಓಡುತ್ತದೆ. ನಿಧಾನ, ಆದರೆ ಓಡುತ್ತದೆ. ಗ್ರಾಮಸಭೆಯ ಎರಡು ಗಂಟೆಯ ಧ್ವನಿಮುದ್ರಿಕೆ ಇಟ್ಟುಕೊಂಡು ಯಾರು ಏನಂದರು ಎಂದು ಹುಡುಕುವವರಿಗೆ ಅದು ಎಷ್ಟು ದೊಡ್ಡ ಮಾತು ಎಂದು ನನಗೆ ಗೊತ್ತು. 466 ಎಂಬಿಯ ಸ್ಮಾಲ್ ಮಾಡೆಲ್ ಕನ್ನಡದಲ್ಲಿ ಬಹಳ ಎಡವುತ್ತದೆ. ನಮ್ಮ ಹಾವೇರಿ ಕಡೆಯ ‘ಹೋಗ್ಯಾನ’, ‘ಬಂದಾಳ’ ಕೇಳಿ ಏನೇನೋ ಬರೆಯುತ್ತದೆ. ಆ ಎಡವಟ್ಟನ್ನೂ ಸರಿಪಡಿಸಬೇಕಾದವರು ಯಾರು? ಕ್ಯಾಲಿಫೋರ್ನಿಯಾದವರು ನಮ್ಮ ಮಾತು ಕಲಿತು ಸರಿಪಡಿಸುತ್ತಾರೆಯೇ?

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಲ್ಲಿಸಿತು. ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೆಯ ತಲೆಮಾರಿನ ಚಿಪ್ಪು ಬೇಕು, ಟಿಪಿಎಂ 2.0 ಬೇಕು. ನಮ್ಮ ತಾಲೂಕುಗಳ ಕಾಲೇಜು ಲ್ಯಾಬು, ಮನೆ, ಪ್ರೆಸ್ಸುಗಳಲ್ಲಿ ಇರುವ ಎಷ್ಟೋ ಕಂಪ್ಯೂಟರುಗಳು ಆ ಪರೀಕ್ಷೆಯಲ್ಲಿ ಫೇಲು. ಗಿರಾಕಿಯಾಗಿ ತಯಾರಾದವನಿಗೆ ಇದು ಕಸ. ಕಟ್ಟುವುದನ್ನು ಕಲಿತವನಿಗೆ ಇನ್ನೂ ಐದು ವರ್ಷ ದುಡಿಯುವ ಎತ್ತು, ಆಗ ಬೇಕಾದರೆ ಲಿನಕ್ಸನ್ನೂ ಹೂಡಿಕೊಳ್ಳುತ್ತಾನೆ.

‘ಎಲ್ಲಾ ಇಂಗ್ಲಿಷಿನಲ್ಲಿ ಎರರ್ ಬರ್ತಾವ್ರಿ, ನಮ್ಮ ಹುಡುಗರಿಗೆ ತಿಳಿಯಂಗಿಲ್ಲ’ ಎಂದು ಒಬ್ಬ ಸೆಂಟರ್ ಮಾಲೀಕರು ನನಗೆ ಹೇಳಿದರು. ಪಹಣಿಯ ಭಾಷೆ ನಮ್ಮ ರೈತರಿಗೆ ಹುಟ್ಟಿನಿಂದ ತಿಳಿದಿತ್ತೇ? ಖಾತೆ, ಹಿಸ್ಸಾ, ಆಕಾರಬಂದ್, ಮ್ಯುಟೇಶನ್, ಎಲ್ಲ ಹೊಲ ಉಳಿಸಿಕೊಳ್ಳಲು ಕಲಿತರು. ಕಂಪೈಲರ್ ಬೈಯುವ ಬೈಗುಳಗಳು ಹೆಚ್ಚು ಕಡಿಮೆ ಹತ್ತು ಹದಿನೈದು ಬಗೆ. ಫೈಲು ಸಿಗಲಿಲ್ಲ, ಇದರ ಅರ್ಥ ತಿಳಿಯಲಿಲ್ಲ, ಎರವಲು ತುಣುಕು ಕಾಣೆಯಾಗಿದೆ. ಮೊದಲ ಎರರ್ ಮಾತ್ರ ಓದು, ಅದರ ಕೆಳಗಿನ ನೂರು ಎರರ್‌ಗಳು ಅದರದೇ ಮರಿಗಳು ಎಂಬ ಒಂದು ಸೂತ್ರ ಕಲಿಸಿದರೆ ಅರ್ಧ ಭಯ ಹೋಗುತ್ತದೆ. ಇದನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಬಹುದು.

‘ಇದರಿಂದ ಕೆಲಸ ಸಿಗುತ್ತದಾ?’ ಎಂದು ತಂದೆ ತಾಯಿ ಕೇಳುವುದು ನ್ಯಾಯ. ನಾನು ಸುಳ್ಳು ಭರವಸೆ ಕೊಡುವುದಿಲ್ಲ. ಹಾರ್ಫ್‌ಬಜ್ ಕಂಪೈಲ್ ಮಾಡಿದ್ದಕ್ಕೆ ಯಾರೂ ಮರುದಿನ ಆರ್ಡರ್ ಕಾಪಿ ಕಳಿಸುವುದಿಲ್ಲ. ಆದರೆ ಟ್ಯಾಲಿ ಸರ್ಟಿಫಿಕೇಟಿಗೆ ಕಳಿಸುತ್ತಿದ್ದಾರೆಯೇ? ಒಂದೇ ಸರ್ಟಿಫಿಕೇಟು ಹಿಡಿದ ನೂರು ಮಂದಿಯ ನಡುವೆ, ಹುಬ್ಬಳ್ಳಿಯಲ್ಲಿ ದುಡ್ಡು ಕೊಟ್ಟು ತಂದ ಬಿಸಿಎ ಪ್ರಾಜೆಕ್ಟುಗಳ ನಡುವೆ, ‘ಈ ಸಾಫ್ಟ್‌ವೇರಿನಲ್ಲಿ ಕನ್ನಡದ ಈ ತಪ್ಪನ್ನು ನಾನು ಹುಡುಕಿ ಕಳಿಸಿದ್ದೇನೆ, ನೋಡಿ, ನನ್ನ ಹೆಸರು ಇಲ್ಲಿದೆ’ ಎಂದು ತೋರಿಸುವ ಹಿರೇಕೆರೂರಿನ ಹುಡುಗಿಯನ್ನು ಸಂದರ್ಶನ ಮಾಡುವವರು ಎರಡನೆಯ ಸಲ ತಲೆಯೆತ್ತಿ ನೋಡುತ್ತಾರೆ. ಅಷ್ಟು ನನಗೆ ಖಾತ್ರಿ.

ಜೂನ್ ಬಂದರೆ ಹೊಸ ಬ್ಯಾಚು. ಫೀ ಕಟ್ಟುವ ಮೊದಲು ಸೆಂಟರಿನವರನ್ನು ಕೇಳಿ: ನಿಮ್ಮ ಕಂಪ್ಯೂಟರಿನಲ್ಲಿ ಕಂಪೈಲರ್ ಇದೆಯೇ? ಇಲ್ಲ ಎಂದರೆ, ಎಂಸಿಸ್-2 ಪೊಟ್ಟಣಗಳನ್ನು ನಾವೇ ಪೆನ್‌ಡ್ರೈವಿನಲ್ಲಿ ತಂದರೆ ಹಾಕಲು ಬಿಡುತ್ತೀರಾ? ವಾರಕ್ಕೆ ಎರಡು ಗಂಟೆ, ಮೂರು ತಿಂಗಳಲ್ಲಿ ಒಂದೇ ಒಂದು ಸಾಫ್ಟ್‌ವೇರನ್ನು ಸೋರ್ಸ್‌ನಿಂದ ಕಟ್ಟಿಸುತ್ತೀರಾ? ಅವರಿಗೂ ಬರುವುದಿಲ್ಲ ಎಂದರೆ ಅದನ್ನೂ ಹೇಳಲಿ, ಒಟ್ಟಿಗೇ ಕಲಿಯೋಣ. ಆದರೆ ‘ಅದೆಲ್ಲ ನಿಮಗ್ಯಾಕ್ರಿ’ ಎಂದರೆ ದುಡ್ಡು ಜೇಬಿನಲ್ಲೇ ಇರಲಿ. ನಾಲ್ಕೂ ತಾಲೂಕಿನಲ್ಲಿ ಯಾರಾದರೂ ‘ಬಿಡುತ್ತೇವೆ’ ಎಂದರೆ ನಮ್ಮ ಬಳಗಕ್ಕೆ ತಿಳಿಸಿ. ಮೊದಲ ಪೆನ್‌ಡ್ರೈವ್ ನಾನು ತರುತ್ತೇನೆ.